ಬೇರಿನ ಮಣ್ಣು

ಈ ಎಸಿ ಗಾಳಿ ಇಷ್ಟು ದೊಡ್ಡ ಹಾಲ್‌ನಲ್ಲಿ ನನ್ನ ಮೊಣಕಾಲನ್ನೇ ಹುಡುಕಿಕೊಂಡು ಬರುತ್ತದೆ, ಸೆರಗು ಹೊದೆಯಬೇಕು, ಬೇಡ, ಅಜ್ಜಿಗೆ ಚಳಿ ಎಂದು ಕಂಡರೆ ಅಲ್ಲಿ ಎದುರು ನಿಂತ ಭವ್ಯಶ್ರೀಗೆ ಮಾತು ತಪ್ಪೀತು, ನನ್ನ ಪುಳ್ಳಿ, ಈ ವಾರಿಜಾಕ್ಷಿಯ ಮಗಳ ಮಗಳು, ಇವತ್ತು ವೈವಾ ಮುಗಿದರೆ ಡಾಕ್ಟರು — ಸೂಜಿ ಚುಚ್ಚುವ ಡಾಕ್ಟರಲ್ಲ, ಮದ್ದಿನ ಗಿಡದ ಡಾಕ್ಟರು, ಹಾಗಾದರೆ ಐವತ್ತು ವರ್ಷ ಬಾಣಂತಿಯರಿಗೆ ಬೇರು ಅರೆದು ಕೊಟ್ಟ ನಾನು ಎಂತದು, ಇರಲಿ, ಪರದೆಯ ಮೇಲೆ ನಮ್ಮ ಬಿಕರ್ನಕಟ್ಟೆಯ ಹಿಂದಿನ ಪದವು, ಗುಡ್ಡದ ತಲೆಯ ಬಯಲು, ಕೆಂಪು ಮುರಕಲ್ಲಿನ ಮೇಲೆ ಮೊಣಕಾಲೆತ್ತರದ ಹುಲ್ಲು, ಅಲ್ಲೊಂದು ಇಲ್ಲೊಂದು ಕುರುಚಲು ಮರ, ಅದಕ್ಕೆ ಇವಳು ಸವಾನಾ ಎನ್ನುತ್ತಾಳೆ, ಸಿಂಹ ತಿರುಗುವ ಜಾಗದ ಹೆಸರಂತೆ, ನಮ್ಮ ಪದವಿನಲ್ಲಿ ತಿರುಗಿದ್ದು ನಾನೊಬ್ಬಳೇ, ಕೋಳಿ ಹಾಗೆ ಎಂತ ಕೆದಕ್ತೀ ಮಾರಾಯ್ತಿ ಎಂದು ನನ್ನ ಗಂಡ ನೋಣಯ್ಯ ಸಾಯುವವರೆಗೂ ನಗುತ್ತಿದ್ದರು, ಹಿತ್ತಲ ಗಿಡ ಮದ್ದಲ್ಲವಂತೆ, ಈಗ ಬಂದು ನೋಡಲಿ, ಪ್ರೊಫೆಸರುಗಳು ಕನ್ನಡಕ ಏರಿಸಿಕೊಂಡು ನನ್ನ ಹಿತ್ತಲು ನೋಡುತ್ತಿದ್ದಾರೆ, ಮೇಜಿನ ಮೇಲೆ ಅದೇ ಪದವಿನ ನೆಲತಾಳೆ ಗಿಡ, ಒಣಗಿಸಿ ಬಿಳಿ ಹಾಳೆಗೆ ಅಂಟಿಸಿದ್ದು, ಬೇರಿನ ತುದಿಯಲ್ಲಿ ಒಂದು ಚಿಟಿಕೆ ಕೆಂಪು ಮಣ್ಣು.

ಆ ಮಣ್ಣಿಗೆ ಪರೀಕ್ಷಕರ ಬೆರಳು ಹೋಗಿ ನಿಂತಿದೆ, ಹೊರಗಿನಿಂದ ಬಂದವರು, ಮುಖದಲ್ಲಿ ನಗು ಇಲ್ಲ, ಇದೇನು ಬೇರು ತೊಳೆದಿಲ್ಲ, ಬಿಎಸ್ಸಿ ಮಕ್ಕಳೂ ಮಾಡದ ತಪ್ಪು, ಇಂಥ ಹಾಳೆ ನೋಡಿ ನಾನು ಹೇಗೆ ಸಹಿ ಹಾಕಲಿ — ಅಯ್ಯೋ, ಅದು ನನ್ನದು, ಮೊದಲ ಮಳೆಗೆ ಹಳದಿ ಹೂವು ಬಿಟ್ಟಾಗ ಇವಳ ಕೈಗೆ ಕೋಲು ಕೊಟ್ಟು ಅಗೆಯಲು ಕಲಿಸಿದವಳು ನಾನೇ, ಪೂರ್ತಿ ಕೊಡವಬೇಡ ಮಗಾ, ಸ್ವಲ್ಪ ಮಣ್ಣು ಇರಲಿ, ಮಗಳನ್ನು ತವರಿಂದ ಬರಿಗೈಯಲ್ಲಿ ಕಳಿಸ್ತಾರಾ ಎಂದವಳೂ ನಾನೇ, ಐದು ವರ್ಷದ ಓದು ನನ್ನ ಒಂದು ಮಾತಿಗೆ ಹೋಯಿತು, ಮರೆತೆ ಎಂದು ಹೇಳು, ತಪ್ಪಾಯಿತು ಎಂದು ಹೇಳಿ ಮುಗಿಸು, ಇವಳು ನನ್ನ ಕಡೆ ನೋಡುತ್ತಾಳೆ, ಮರೆತದ್ದಲ್ಲ ಸರ್, ಅದು ನಮ್ಮ ಅಜ್ಜಿ ಕಲಿಸಿದ ಕ್ರಮ, ಅಲ್ಲಿ ಕೂತಿದ್ದಾರೆ — ಇಡೀ ಹಾಲ್ ತಿರುಗಿತು, ನಾನು ಸೆರಗು ಸರಿಮಾಡಿ ನೆಟ್ಟಗೆ ಕುಳಿತೆ, ಹೆದರಿಕೆಯೂ ಉಂಟು, ಎದೆ ಉಬ್ಬುವುದೂ ಉಂಟು, ಸರಿ, ಅದೇ ಜಾಗದಿಂದ ಇನ್ನೊಂದು ಗಿಡ ತಂದು ತೊಳೆದು ಅಂಟಿಸಿ ಎನ್ನುತ್ತಾರೆ ಅವರು, ಆ ಜಾಗ ಇಲ್ಲ ಸರ್, ಹೋದ ವರ್ಷ ಜೆಸಿಬಿ ಬಂತು, ಈಗ ಫ್ಲಾಟ್ ಏಳ್ತಾ ಉಂಟು, ಆ ಪದವಿನದ್ದು ಅಂತ ಉಳಿದದ್ದು ಇಷ್ಟೇ — ಮಣ್ಣು ಕೆರೆಯಲು ಹೋದ ಪರೀಕ್ಷಕರ ಉಗುರು ಹಿಂದೆ ಬಂತು, ಅವರು ಹಾಳೆಯನ್ನು ಎರಡೂ ಕೈಯಲ್ಲಿ ಅಲುಗಾಡದ ಹಾಗೆ ಎತ್ತಿದರು, ಇದನ್ನು ಇನ್ನು ಯಾರೂ ತೊಳೆಯಬೇಡಿ ಎಂದರು, ಪೆನ್ನಿನ ಮುಚ್ಚಳ ತೆಗೆದರು, ಯಾರೋ ಚಪ್ಪಾಳೆ ತಟ್ಟುತ್ತಿದ್ದಾರೆ, ನನ್ನ ಪುಳ್ಳಿ ಅಳುತ್ತಿದ್ದಾಳೋ ನಗುತ್ತಿದ್ದಾಳೋ, ನನಗೆ ಕಾಣುವುದು ಆ ಬಿಳಿ ಹಾಳೆ, ಆ ಬೇರು, ತುದಿಯಲ್ಲಿ ಒಂದು ಚಿಟಿಕೆ ಕೆಂಪು ಮಣ್ಣು