ಇನ್ನೂ ಐವತ್ತೇಳು ದಿನ

"ಒಂದೇ ಗೆರೆ!" ನರ್ಸ್ ರೋತಿಯಾ, ರಕ್ತಪರೀಕ್ಷೆಯ ಪಟ್ಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ಹೇಳಿದಳು. "ಎಚ್‌ಐವಿ ಇಲ್ಲ. ರಕ್ತದ ಗುಂಪೂ ಹೊಂದತ್ತೆ. ಬಾ ತೆಬಾನೊ, ತಂಗಿ ಕಾಯ್ತಿದಾಳೆ."

ವಾರ್ಡಿನ ಹೊರಗೆ ಚಾಪೆ ಹಾಸಿ ಬೆಳಗಿನಿಂದ ಕೂತಿದ್ದ ನೆಂಟರೆಲ್ಲ ಒಮ್ಮೆಗೇ ಉಸಿರು ಬಿಟ್ಟರು. ಹೆರಿಗೆಯಲ್ಲಿ ತಂಗಿ ಮೀರೆಯ ರಕ್ತ ನೀರಿನಂತೆ ಹರಿದುಹೋಗಿತ್ತು. ಮಗು ಗಟ್ಟಿಯಾಗಿತ್ತು, ತಾಯಿ ಬಿಳಿಚಿಕೊಂಡು ಮಲಗಿದ್ದಳು. ಕಿರಿಬಾಸ್‌ನ ಆ ಪುಟ್ಟ ದ್ವೀಪದಲ್ಲಿ ರಕ್ತ ಅಂದರೆ ನೆಂಟರ ರಕ್ತವೇ, ಕೂಡಿಟ್ಟದ್ದು ಎಲ್ಲಿಂದ ಬರಬೇಕು? ನೆಂಟರಲ್ಲಿ ಗುಂಪು ಹೊಂದಿದವನು ಅಣ್ಣ ತೆಬಾನೊ ಒಬ್ಬನೇ.

ತೆಬಾನೊ ಕೂತಲ್ಲಿಂದ ಏಳಲಿಲ್ಲ.

ಹಡಗಿನ ಕೆಲಸ ಮುಗಿಸಿ ಬರುವ ಮುನ್ನ, ಕೊನೆಯ ಬಂದರಿನಲ್ಲಿ ಕುಡಿದು ಒಬ್ಬಳ ಜೊತೆ ಮಲಗಿದ್ದ. ಕಾಂಡೋಮ್ ಜೇಬಿನಲ್ಲೇ ಉಳಿದಿತ್ತು. ಇಪ್ಪತ್ತನೇ ದಿನ ಊರಿಗೆ ಬಂದಿಳಿದವನೇ ಹಡಗಿನವರ ಕ್ಲಿನಿಕ್ಕಿಗೆ ಓಡಿದ್ದ. ಅಲ್ಲೂ ಒಂದೇ ಗೆರೆ. ಅವನು ಹಿಗ್ಗುವುದರೊಳಗೆ ಅಲ್ಲಿಯ ಮುದಿ ಡಾಕ್ಟರು, "ಈಗ್ಲೇ ಕುಣೀಬೇಡಪ್ಪ. ರೋಗ ಒಳಗಿದ್ರೂ ಈ ಪಟ್ಟಿಗೆ ಕಾಣ್ಸೋಕೆ ತೊಂಬತ್ತು ದಿನ ಆಗ್ಬಹುದು. ಅಲ್ಲೀವರೆಗೂ ಯಾರಿಗೂ ರಕ್ತ ಕೊಡ್ಬೇಡ," ಎಂದಿದ್ದರು. ಅಂದಿನಿಂದ ಅವನು ದಿನ ಎಣಿಸುತ್ತಿದ್ದ. ಗಂಟಲು ಕೆರೆದರೂ ಹೆದರಿಕೆ, ಮೈ ಬೆಚ್ಚಗಾದರೂ ಹೆದರಿಕೆ. ಆ ರಾತ್ರಿ ಕಳೆದು ಇವತ್ತಿಗೆ ಮೂವತ್ಮೂರು.

ರೋಗ ಇಲ್ಲ ಅಂತ ಪಟ್ಟಿಯೇ ಹೇಳಿದಮೇಲೆ, ಇರಬಹುದು ಎನ್ನಲು ತಾನ್ಯಾರು? ಬಾಯಿ ಮುಚ್ಚಿಕೊಂಡು ತೋಳು ಚಾಚಿದರೆ ಯಾರಿಗೂ ತಿಳಿಯುವುದಿಲ್ಲ. ಮೀರೆ ಬದುಕುತ್ತಾಳೆ. ಆದರೆ ಎಂಥ ಬದುಕು?

"ಏನೋ, ಏಳು ಸಮುದ್ರ ದಾಟಿ ಬಂದೋನಿಗೆ ಸೂಜಿ ಕಂಡ್ರೆ ನಡುಕವಾ?" ಸೋದರಮಾವ ಬೌರೊ ಕಿಚಾಯಿಸಿದ. ಇಪ್ಪತ್ತೆರಡು ವರ್ಷ ತಾನೂ ಹಡಗಿನಲ್ಲಿ ದುಡಿದ ಮುದುಕ. ಚಾಪೆಯ ಮೇಲಿದ್ದವರು ನಕ್ಕರು.

"ಮಾವ, ಒಂದ್ನಿಮಿಷ ಬಾ." ತೆಬಾನೊ ಅವನನ್ನು ನೀರಿನ ತೊಟ್ಟಿಯ ಹಿಂದಕ್ಕೆ ಕರೆದೊಯ್ದ. "ನಂಗಿನ್ನೂ ತೊಂಬತ್ತು ದಿನ ಆಗಿಲ್ಲ ಮಾವ."

ಹಡಗಿನವನಿಗೆ ಅಷ್ಟು ಸಾಕಾಗಿತ್ತು. ಬೌರೊ ಅವನ ಮುಖವನ್ನೇ ನೋಡಿದ.

"ಎಷ್ಟಾಯ್ತು?"

"ಮೂವತ್ಮೂರು."

"ಅಯ್ಯೋ ಮುಠ್ಠಾಳ," ಎಂದ ಮುದುಕ ಮೆಲ್ಲಗೆ. "ನರ್ಸಮ್ಮಂಗೆ ನಾನು ಗುಟ್ಟಾಗಿ ಹೇಳ್ತೀನಿ. ನೀನು ಸುಮ್ನೆ ಬೈಸ್ಕೋ."

ಮರಳಿ ಬಂದವನೇ ಊರಿಗೆಲ್ಲ ಕೇಳುವಂತೆ ಅರಚಿದ: "ಕೇಳ್ರಪ್ಪಾ! ಈ ಮಹಾರಾಯ ಬೆಳಗಾನ ಕುಡ್ದು ಬಂದಿದಾನೆ! ಇವ್ನ ಮೈಯಲ್ಲಿ ಹರೀತಿರೋದು ರಕ್ತ ಅಲ್ಲ, ಹೆಂಡ! ಇದನ್ನ ಬಾಣಂತಿಗೆ ಹಾಕೋದಾ? ಥೂ, ನಾಚ್ಕೆಗೆಟ್ಟೋನೆ! ನಡಿ, ಬೇರೆ ಯಾರನ್ನಾದ್ರೂ ಹುಡ್ಕಿ ತಾ!"

ಅತ್ತೆಯಂದಿರು ಮುಖ ತಿರುಗಿಸಿದರು. ಯಾರೋ ಒಬ್ಬಳು ನೆಲಕ್ಕೆ ಉಗಿದಳು. ತೆಬಾನೊ ಬಿಸಿಲಿಗೆ ಓಡಿದ. ಇಗರ್ಜಿ, ದೋಣಿಕಟ್ಟೆ, ಅಂಗಡಿ ಎಲ್ಲ ಕಡೆ ಕೈಮುಗಿದು ಬೇಡಿ, ಐದು ಜನರನ್ನು ಒಂದು ಲಾರಿಗೆ ಹತ್ತಿಸಿಕೊಂಡು ತಂದ. ಆ ಐವರದ್ದೂ ಹೊಂದಲಿಲ್ಲ. ಕೊನೆಗೆ ಲಾರಿಯ ಡ್ರೈವರು, "ನಂದೂ ನೋಡಿ ಮತ್ತೆ," ಎನ್ನುತ್ತ ಅಂಗಿಯ ತೋಳು ಮಡಿಚಿದ. ಅವನದು ಹೊಂದಿತು.

ಸಂಜೆಯ ಹೊತ್ತಿಗೆ ಮೀರೆಯ ತುಟಿಗೆ ಬಣ್ಣ ಬಂತು. ತೆಬಾನೊ ಬಾಗಿಲಲ್ಲಿ ನಿಂತ. ಅವಳು ಅವನನ್ನು ನೋಡಿದಳು.

"ಒಂದಿನ ಕುಡೀದೆ ಇರೋಕಾಗ್ಲಿಲ್ವಾ ಅಣ್ಣ, ನಂಗೋಸ್ಕರ?" ಎಂದಳು. ಆಮೇಲೆ ಮಗುವನ್ನು ತಬ್ಬಿಕೊಂಡು ಗೋಡೆಯ ಕಡೆ ಹೊರಳಿದಳು.

ಅವನು ಹೊರಗೆ ಬಂದು ಎಲ್ಲರಿಂದ ದೂರ, ತೆಂಗಿನ ಬುಡದಲ್ಲಿ ಕೂತು ಅತ್ತ. ಯಾರೋ ತಂದಿಟ್ಟ ಎಳನೀರನ್ನು ಅರ್ಧ ಕುಡಿದು, ಬೇರೆಯವರು ಮುಟ್ಟದ ಹಾಗೆ ಬೆನ್ನ ಹಿಂದೆ ಇಟ್ಟುಕೊಂಡ.

ಬೌರೊ ಬಂದು ಪಕ್ಕದಲ್ಲಿ ಕುಕ್ಕರಿಸಿದ. "ಇನ್ನೆಷ್ಟು ದಿನ?"

"ಐವತ್ತೇಳು."

"ಹೂಂ. ಆವತ್ತು ನಾನೂ ಬರ್ತೀನಿ."

ಮುದುಕ ಅವನ ಬೆನ್ನ ಹಿಂದೆ ಕೈ ಚಾಚಿ ಆ ಎಳನೀರನ್ನು ಎತ್ತಿಕೊಂಡ. ತೆಬಾನೊ "ಮಾವ, ಅದು ನನ್ನೆಂಜಲು" ಎನ್ನುವಷ್ಟರಲ್ಲಿ ಬಾಯಿಗಿಟ್ಟು, ತಲೆಯೆತ್ತಿ, ಕೊನೆಯ ಹನಿಯವರೆಗೂ ಕುಡಿದ.