ಗುಡ್ಡದ ಮೇಲೆ ನಿಂತ ಮಳೆ

ರಾಡಾರ್ ಕೇಂದ್ರದಲ್ಲಿ ಕೆಲಸಕ್ಕೆ ಸೇರಿ ನಾಲ್ಕು ದಿನವಾಗಿತ್ತು. ಎಲ್ಲಿ ಎಷ್ಟು ಮಳೆ ಸುರಿಯುತ್ತಿದೆಯೆಂದು ಪರದೆ ನೋಡಿ ಹೇಳುವುದೇ ನನ್ನ ಉದ್ಯೋಗ. ಐದನೆಯ ದಿನ ಬೆಳಿಗ್ಗೆ ಅಂತೂ ಒಂದು ಫೋನ್ ಬಂತು. ಭಾವ! ಅಕ್ಕನ ಗಂಡ, ಲಾಂಡ್ರಿ ಇಟ್ಟಿರುವವರು.

“ಲೋ, ಒಣಗಿಸೋ ಮಷಿನ್ ಕೆಟ್ಟು ಕೂತಿದೆ. ಹೋಟೆಲಿನವರ ಇನ್ನೂರು ಬೆಡ್‌ಶೀಟು ಒದ್ದೆ. ಸಂಜೆಯೊಳಗೆ ಕೊಡದಿದ್ರೆ ಕೆಲಸ ಬೇರೆಯವರ ಪಾಲಾಗತ್ತೆ. ಹೊರಗೆ ಹರವ್ಲಾ? ಮಳೆ ಕಥೆ ಏನು?”

ಪರದೆ ನೋಡಿದೆ. ಭಾವನ ಊರಿನ ಪಕ್ಕದ ಗುಡ್ಡದ ಮೇಲೆ ಕೆಂಪನೆಯ ದೊಡ್ಡ ಮಚ್ಚೆ. ಕೆಂಪೆಂದರೆ ಜಡಿಮಳೆ. ಬೆಳಗಿನಿಂದ ಒಂದಿಂಚೂ ಕದಲಿರಲಿಲ್ಲ. ಗತ್ತಿನಿಂದ ಹೇಳಿದೆ: “ಭಾವ, ಮಳೆ ಗುಡ್ಡದ ಮೇಲೆ ನಿಂತಿದೆ!”

“ನಿಂತಿದ್ಯಾ? ಬದುಕಿಸ್ದೆ ಕಣೋ!” ಎಂದು ಫೋನಿಟ್ಟರು.

ಎರಡು ನಿಮಿಷ ಬೀಗಿದೆ. ಮೂರನೆಯ ನಿಮಿಷಕ್ಕೆ ತಲೆಗೆ ಹೊಳೆಯಿತು. ನಾನು ಹೇಳಿದ್ದು ಮಳೆ ಅಲ್ಲೇ ಠಿಕಾಣಿ ಹೂಡಿದೆ ಎಂದು. ಭಾವ ಕೇಳಿಸಿಕೊಂಡದ್ದು ಮಳೆ ಬಿಟ್ಟಿದೆ ಎಂದು! ಹಾಳಾದ್ದು, ಎರಡಕ್ಕೂ ಒಂದೇ ಮಾತು. ಮತ್ತೆ ಮತ್ತೆ ಫೋನ್ ಮಾಡಿದೆ. ಎತ್ತಲೇ ಇಲ್ಲ.

ಮೇಲಧಿಕಾರಿ ಮೇಡಂ ಬಳಿಗೆ ಓಡಿದೆ. ಅವರು ಬಂದು ಪರದೆ ನೋಡಿ ಹಣೆ ಚಚ್ಚಿಕೊಂಡರು.

“ರೀ, ಇದು ಮಳೆಯಲ್ಲ, ಗುಡ್ಡ! ನಾವು ಬಿಟ್ಟ ಅಲೆ ಗುಡ್ಡಕ್ಕೆ ಬಡಿದು ವಾಪಸ್ ಬರತ್ತೆ, ಮಷಿನ್ ಅದನ್ನೇ ಮಳೆ ಅಂದ್ಕೊಳ್ಳತ್ತೆ. ಆ ಗುಡ್ಡ ಅಲ್ಲಿ ನಿಂತು ಲಕ್ಷಾಂತರ ವರ್ಷ ಆಯ್ತು.”

“ಅಂದ್ರೆ ಮಳೆ ಇಲ್ಲ! ಭಾವ ಬಚಾವ್!”

“ನಿಮ್ಮ ಭಾವ ಇರೋದು ಗುಡ್ಡದ ಈಚೆನೋ ಆಚೆನೋ?”

“ಆಚೆ.”

“ಆಚೆದು ನಮಗೇನೂ ಕಾಣಲ್ಲ. ಗುಡ್ಡ ಅಡ್ಡ.”

ನನ್ನ ಬಾಯಿಂದ ಅಕ್ಕನ ಮನೆ ಮುಳುಗಿತಲ್ಲಪ್ಪಾ ಎಂದು ಅಳುವೇ ಬಂದುಬಿಟ್ಟಿತು. ಮಧ್ಯಾಹ್ನ ಮೂರಕ್ಕೆ ಭಾವ ಫೋನೆತ್ತಿದರು.

“ಭಾವ, ತಪ್ಪಾಯ್ತು! ನಾನು ಹೇಳಿದ್ದು ಗುಡ್ಡದ ವಿಷಯ! ನಿಮ್ಮ ಕಡೆ ಮಳೆ ಬರತ್ತೋ ಬಿಡತ್ತೋ ನಂಗೆ ಗೊತ್ತೇ ಇಲ್ಲ!”

“ಗಾಬರಿ ಯಾಕೋ? ಶೀಟೆಲ್ಲ ಗರಿಗರಿ ಒಣಗಿ ಹೋಟೆಲಿಗೂ ಹೋಯ್ತು. ಬೆಳಗಿಂದ ಇಲ್ಲಿ ಚುರುಚುರು ಬಿಸಿಲು. ನೀನು ಫೋನ್ ಎತ್ತೋ ಮೊದಲೇ ಅರ್ಧ ಹರವಿ ಆಗಿತ್ತು.”

“ಮತ್ತೆ ನನ್ನ ಯಾಕೆ ಕೇಳಿದ್ರಿ?”

ಭಾವ ದನಿ ತಗ್ಗಿಸಿದರು.

“ನಿಮ್ಮಕ್ಕ ಹೇಳಿದ್ಲು ಕಣೋ. ಕೆಲಸಕ್ಕೆ ಸೇರಿದಾಗಿಂದ ಯಾರೂ ಒಂದು ಮಾತೂ ಕೇಳಿಲ್ಲ ಅಂತ ಮುಖ ಊದಿಸ್ಕೊಂಡಿದ್ದೀಯಂತೆ. ಏನಾದ್ರೂ ಕೇಳಿ, ಪಾಪ, ಅಂದ್ಲು.”