ಕಾಲಿಗೆ ಮೊಟ್ಟೆ ಕಟ್ಟಿಕೊಂಡ ಜೇಡ

ಲಿಂಗಸುಗೂರಿನ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದ ದಾದೇಸಾಬರ ಮನೆಗೆ ತೊಂಬತ್ತೆರಡರಲ್ಲಿ ದಕ್ಷಿಣ ಧ್ರುವದ ಕಡಲಿನ ಪ್ರಾಣಿಗಳು ಬಂದವು. ಬದುಕಿದ್ದವಲ್ಲ, ಔಷಧಿ ನೀರಿನ ಬಾಟಲಿಗಳಲ್ಲಿ ಮುದುರಿಕೊಂಡವು. ಗೋವಾದಲ್ಲಿ ಕಡಲಿನ ಸಂಶೋಧನೆ ಮಾಡುತ್ತಿದ್ದ ಹಳೆಯ ಗೆಳೆಯ, ನೋಡಿ ವಿವರ ಬರೆದುಕೊಡಲೆಂದು ಕಳಿಸಿದ್ದ. ಜೋಳದ ಡಬ್ಬಿಯ ಪಕ್ಕದಲ್ಲೇ ಅವನ್ನು ಸಾಲಾಗಿ ಇಟ್ಟಿದ್ದು ಕಂಡು ಓಣಿಯವರು ಮೂಗು ಮುಚ್ಚಿಕೊಂಡರು.

ಗೆಳೆಯನಿಗೆ ಪ್ರಾಣಿಯ ಹೆಸರಿಗಿಂತ ಗುಣ ಬೇಕಿತ್ತು. ಅದು ಓಡಾಡುತ್ತದೋ, ಕಲ್ಲಿಗಂಟಿ ಕೂರುತ್ತದೋ? ಏನು ತಿನ್ನುತ್ತದೆ? ಮರಿಗಳನ್ನು ನೀರಿಗೆ ಬಿಡುತ್ತದೋ, ಮೈಮೇಲೆ ಹೊತ್ತು ಸಾಕುತ್ತದೋ? ಭೂಮಿ ಬಿಸಿಯಾಗುತ್ತಾ ಹೋದಂತೆ ಆ ಕಡಲಲ್ಲಿ ಯಾರು ಉಳಿದಾರು, ಯಾರು ಅಳಿದಾರು ಎಂಬುದನ್ನು ಗುಣ ನೋಡಿ ಹೇಳಬಹುದಂತೆ. ಹುಟ್ಟುಗುಣ ಸುಟ್ಟರೂ ಹೋಗದು ಎಂದು ನಮ್ಮ ಹಿರಿಯರು ಹೇಳಿದ್ದನ್ನೇ ಈ ಸಂಶೋಧಕರು ಹಡಗಿನಲ್ಲಿ ಹೋಗಿ ಕಂಡುಕೊಂಡು ಬಂದಿದ್ದರು.

ಒಂದು ಬಾಟಲಿಯನ್ನು ಮಾತ್ರ ದಾದೇಸಾಬರು ದಿನಾ ಕೈಗೆತ್ತಿಕೊಳ್ಳುತ್ತಿದ್ದರು. ಅದರಲ್ಲಿದ್ದುದು ಕಡಲ ಜೇಡ. ಹೊಟ್ಟೆಯೇ ಇಲ್ಲವೇನೋ ಎನ್ನುವಷ್ಟು ಸಣಕಲು, ಬರೀ ಕಾಲು. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ, ಇವರಿಗೆ ಹೆರದೆಯೇ ಈ ಜೇಡ ಮುದ್ದಾಗಿತ್ತು.

ಕಾರಣವಿತ್ತು. ಹೆಂಡತಿ ತೀರಿಕೊಂಡಾಗ ಮಗಳು ಮಾಸುಂಬಿಗೆ ಇನ್ನೂ ಹಲ್ಲು ಪೂರ್ತಿ ಬಂದಿರಲಿಲ್ಲ. ಮತ್ತೊಂದು ನಿಕಾ ಮಾಡಿಕೊಳ್ಳದೆ ಎರೆದು, ಉಣಿಸಿ, ತಲೆ ಬಾಚಿ ಹೆಳಲು ಹಾಕಿ ಬೆಳೆಸಿದರು. "ಮಾಸ್ತರ ಹೆಳಲು ಹಾಕೂದು ಬಾಳ ಚಂದ ಕಲ್ತಾರ ನೋಡ್ರೀ," ಎಂದು ಓಣಿಯ ಹೆಂಗಸರು ನಗುತ್ತಿದ್ದರು. ನಗಲಿ ಬಿಡಿ. ನಕ್ಕವರ್‍ಯಾರೂ ಒಂದು ದಿನ ಬಂದು ಹಾಕಿಕೊಡಲಿಲ್ಲ.

ಈಗ ಮಾಸುಂಬಿಗೆ ಬಳ್ಳಾರಿಯಲ್ಲಿ ನರ್ಸಿಂಗ್ ಸೀಟು ಸಿಕ್ಕಿತ್ತು. ಸೋಮವಾರ ಸಂಜೆಯೊಳಗೆ ಸೇರದಿದ್ದರೆ ಸೀಟು ಬೇರೆಯವರಿಗೆ. ದಾದೇಸಾಬರು ಒಲ್ಲೆನೆಂದಿದ್ದರು. ಹಾಸ್ಟೆಲಿನ ಊಟ, ಊರಿನ ಬಿಸಿಲು, ಕಾಲ ಕೆಟ್ಟಿದ್ದು, ಹೀಗೆ ನೆಪಗಳಿಗೇನು ಬರ. ಮನೆಯಲ್ಲಿ ಒಬ್ಬನೇ ಇರಲು ಭಯ ಎನ್ನುವುದನ್ನು ಮಾತ್ರ ಬಾಯಿ ಬಿಟ್ಟು ಹೇಳಲಿಲ್ಲ. ಮಗಳೂ ಜಗಳ ಮಾಡಲಿಲ್ಲ, ಮಾತು ಕಡಿಮೆ ಮಾಡಿದಳು. ಮಾತಿಲ್ಲದ ಆ ಮನೆಯಲ್ಲಿ ಇಬ್ಬರೂ ಒಂಟಿಯಾದರು.

ಶನಿವಾರ ಅವಳನ್ನು ಮಾತಿಗೆಳೆಯಲೆಂದು ಬಾಟಲಿ ತೋರಿಸಿದರು. "ಇದು ಗಂಡು ನೋಡವ್ವಾ. ಹೆಣ್ಣು ಮೊಟ್ಟಿ ಇಟ್ಟು ತನ್ನ ದಾರಿ ಹಿಡಿತೈತಿ. ಇಂವಾ ಎಲ್ಲಾ ಮೊಟ್ಟಿ ಕಾಲಿಗೆ ಕಟಿಗೊಂಡು ಹೊತ್ತು ತಿರಗತಾನ. ಮರಿ ಹೊರಗ ಬಂದ್ರೂ ಲಗೂನ ಬಿಡಂಗಿಲ್ಲ."

"ನಿಮ್ಮಂಗ," ಎಂದಳು ಮಾಸುಂಬಿ.

"ಹೌದು ಮತ್ತ!" ಅವರಿಗೆ ಹಿಗ್ಗಾಯಿತು.

"ನೀರು ಬಿಸಿ ಆದ್ರ ಆ ಮರಿ ಏನ್ ಮಾಡ್ತಾವ, ಅಬ್ಬಾ?"

ಪಾಠ ಹೇಳುವವರ ನಾಲಿಗೆಗೆ ಲಗಾಮಿರುವುದಿಲ್ಲ. "ನೀರಿಗೆ ಬಿಟ್ಟ ಮರಿ ಆದ್ರ ಹರಿವಿನ ಜೋಡಿ ತಂಪು ಇದ್ದಲ್ಲಿ ಹೋಗಿ ಬದುಕ್ತಾವ. ಇವು ಎಲ್ಲಿ ಹೋಗಬೇಕು? ಅಪ್ಪನ ಕಾಲಬುಡ ಬಿಟ್ಟು ಗೊತ್ತಿಲ್ಲ. ಅಲ್ಲೇ..."

ಅಲ್ಲಿಗೇ ನಿಂತರು. ಮಗಳು ನೆಲ ನೋಡುತ್ತಿದ್ದಳು. ದಾದೇಸಾಬರಿಗೆ ಜೇಡದ ಮೇಲೆ ಕೆಂಡದಂಥ ಸಿಟ್ಟು ಬಂತು. ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತರು. ಇಳಿಹೊತ್ತಿನ ಅಸರ್ ನಮಾಜಿನ ಕರೆ ಕೇಳಿದರೂ ಏಳಲಿಲ್ಲ. ಕತ್ತಲಾಗುವ ಹೊತ್ತಿಗೆ ಒಳಗೆ ಬಂದು, "ಟ್ರಂಕ್ ತಗಿ," ಎಂದರು.

ಸೋಮವಾರ ನಸುಕಿನಲ್ಲಿ ಬಳ್ಳಾರಿ ಬಸ್ಸು ಹತ್ತಿದರು. ಅಲ್ಲಿ ಅವರ ಅಕ್ಕ ಖಾತೂನ್‌ಬೀ ಬಸ್‌ಸ್ಟ್ಯಾಂಡಿಗೆ ಬರುವವಳಿದ್ದಳು. ಕಂಡಕ್ಟರ್ ಬಂದಾಗ ದಾದೇಸಾಬರು, "ಬಳ್ಳಾರಿ ಒಂದು, ಸಿಂಧನೂರು ಒಂದು," ಎಂದರು.

ಮಾಸುಂಬಿ ಬೆಚ್ಚಿದಳು. "ನೀವು ಬಳ್ಳಾರಿ ತನಕ ಬರಂಗಿಲ್ಲೇನು?"

"ಬಂದ್ರ ತಿರುಗಿ ಹೋಗಾಕ ಆಗಂಗಿಲ್ಲವ್ವಾ. ಹಾಸ್ಟೆಲ್ ಬಾಗಿಲದಾಗ ಕುಂತಬಿಡತೀನಿ."

ಮಸ್ಕಿಯ ಗುಡ್ಡ ಹಿಂದಾಯಿತು. ಕಾಲುವೆ ಬಂತು, ಭತ್ತದ ಹಸಿರು ಬಂತು. ಸಿಂಧನೂರಿನಲ್ಲಿ ಇಳಿದು ದಾದೇಸಾಬರು ಕಿಟಕಿಯ ಕೆಳಗೆ ನಿಂತರು. ಬಸ್ಸು ಹೊರಟಿತು. ಅವಳು ಕೈ ಬೀಸಿದಳು, ಇವರಿಗೆ ಕೈ ಏಳಲಿಲ್ಲ. ಜನರ ನಡುವೆಯೇ ಅಳು ಬಂತು, ಅತ್ತುಬಿಟ್ಟರು.

ಆಮೇಲೆ ಲಿಂಗಸುಗೂರಿನ ಬಸ್ಸು ಹತ್ತಿ ಕೂತರು. ಪಕ್ಕದ ಸೀಟು ಖಾಲಿ ಕಂಡು ಕಂಡಕ್ಟರ್ ಕೇಳಿದ, "ಜೋಡಿ ಯಾರರ ಬರೂದೈತೇನ್ರೀ?"

"ಇಲ್ರೀ," ಎಂದರು ದಾದೇಸಾಬರು, "ಯಾರರ ಕುಂದರಲಿ."